ಮೂಲೆಯ ಬರಹ ಕೊಟ್ಟ ಪಾಡು: ವಿಂಡೋಸ್ ಇನ್‌ಸೈಡರ್, ಫೈರ್‌ಫಾಕ್ಸ್ ನೈಟ್ಲಿ, ಲಿಬ್ರೆಆಫೀಸ್‌ಡೆವ್

ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಸಿಗುವ ಈ ಮೂರು ತಂತ್ರಾಂಶಗಳಲ್ಲಿ ನನ್ನ ಮತ ಲಿಬ್ರೆಆಫೀಸ್‌ಡೆವ್‌ಗೆ, ಅಂದರೆ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಪರೀಕ್ಷಾ ರೂಪಕ್ಕೆ. ಇದು ಕೈಸುಟ್ಟುಕೊಂಡವನ ಮಾತು, ನಿಷ್ಪಕ್ಷಪಾತದ ತೀರ್ಪು ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಜೊತೆಗೆ ಜೀನ್ಸ್ ಹೊಲಿಸುವವರಿಗೆ ಲೇಬಲ್ ವಿನ್ಯಾಸ. ಇರುವುದು ಒಂದೇ ಕಂಪ್ಯೂಟರ್. ಆದರೂ ಬಿಡುಗಡೆಯಾಗದ ತಂತ್ರಾಂಶ ಕಂಡರೆ ಹಾಕಿ ನೋಡುವ ಚಟ.

ವಿಂಡೋಸ್ 11ರ ಇನ್‌ಸೈಡರ್ ಆವೃತ್ತಿಯನ್ನು, ಅದರಲ್ಲೂ ಇನ್ನೂ ಹದಕ್ಕೆ ಬರದ ಡೆವ್ ಚಾನೆಲ್‌ನದನ್ನು, ಹಾಕಿಕೊಂಡೆ. ಡೆಸ್ಕ್‌ಟಾಪಿನ ಬಲಗಡೆ ಕೆಳಮೂಲೆಯಲ್ಲಿ 'ಇವ್ಯಾಲ್ಯುಯೇಷನ್ ಕಾಪಿ' (ಪರೀಕ್ಷಿಸಿ ನೋಡಲು ಕೊಟ್ಟ ಪ್ರತಿ) ಎಂಬ ಬರಹ, ಜೊತೆಗೆ ಆ ಪ್ರತಿಯ ಬಿಲ್ಡ್ ಸಂಖ್ಯೆ. ನನಗೆ ಅದು ಹೆಮ್ಮೆಯ ಗುರುತು. ಲೇಬಲ್ ಮಾಡಿಸಲು ಬಂದ ಜೀನ್ಸ್ ಘಟಕದ ಯಜಮಾನರು ಮಾತ್ರ ಕತ್ತು ಮುಂದೆ ಚಾಚಿ, "ಏನು ಸರ್, ಡೂಪ್ಲಿಕೇಟ್ ಹಾಕಿದ್ದೀರಾ?" ಎಂದರು. ಅವರು ದಿನವಿಡೀ ಲೇಬಲ್ ನೋಡಿಯೇ ಮಾಲು ಅಳೆಯುವವರು, ತಪ್ಪು ಹೇಗೆ ಹೇಳಲಿ? ಪರವಾನಗಿ ಇಲ್ಲದ ವಿಂಡೋಸ್‌ನಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂದು ಮಸುಕಾಗಿ ಮೂಡುವುದೂ ಅದೇ ಮೂಲೆಯಲ್ಲಿ. ಅದು ತೆರೆದಿಟ್ಟ ಕಿಟಕಿಗಳ ಮೇಲೂ ತೇಲುತ್ತದೆ, ಇನ್‌ಸೈಡರ್ ಬರಹ ಡೆಸ್ಕ್‌ಟಾಪಿನಲ್ಲಷ್ಟೇ ಉಳಿಯುತ್ತದೆ. ಈ ಸೂಕ್ಷ್ಮವನ್ನು ಐದು ನಿಮಿಷ ವಿವರಿಸಿದೆ. ಅವರು ತಲೆಯಾಡಿಸಿದರು, ಮುಂಗಡ ಮಾತ್ರ ಅರ್ಧವೇ ಕೊಟ್ಟರು. ಅಂದಿನಿಂದ ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ಯಾವುದಾದರೂ ಕಡತವನ್ನು ಪೂರ್ತಿ ತೆರೆಗೆ ಹಿಗ್ಗಿಸಿ ಡೆಸ್ಕ್‌ಟಾಪನ್ನು ಮರೆಮಾಡುತ್ತಿದ್ದೆ.

ಹೊರಬರುವುದು ಇನ್ನೊಂದು ಕಥೆ. ಹಿಂದಿನ ಆವೃತ್ತಿಗೆ ಮರಳಲು 10 ದಿನಗಳ ಗಡುವಿತ್ತು. ನನಗೆ ಬುದ್ಧಿ ಬಂದದ್ದು ಹದಿನೆಂಟನೆಯ ದಿನ. ಆಮೇಲೆ ಉಳಿದದ್ದು ಎಲ್ಲ ಅಳಿಸಿ ಹೊಸದಾಗಿ ಹಾಕುವ ದಾರಿಯೊಂದೇ. ನಿಯಮ ಮೊದಲೇ ಬರೆದಿತ್ತು, ಓದದೇ ಇದ್ದವನು ನಾನು. ಫಾಂಟ್‌ಗಳು, ಪ್ರಿಂಟರ್ ಡ್ರೈವರ್, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಸಿದ ಹಳೆಯ ಕಡತಗಳು ಎಲ್ಲವನ್ನೂ ಜೋಡಿಸುವಷ್ಟರಲ್ಲಿ ಒಂದು ಭಾನುವಾರ ಮುಗಿಯಿತು, ನಡುವೆ ಎರಡು ಸಲ ಕರೆಂಟೂ ಹೋಯಿತು. ವಿಂಡೋಸೇ ಬೇಕೆನ್ನುವವರು ಬಿಡುಗಡೆಗೆ ತೀರಾ ಹತ್ತಿರವಿರುವ ರಿಲೀಸ್ ಪ್ರಿವ್ಯೂ ಚಾನೆಲ್ ನೋಡಲಿ, ಅಲ್ಲಿ ಸಾಮಾನ್ಯವಾಗಿ ಈ ಬರಹ ಇರುವುದಿಲ್ಲ.

ಫೈರ್‌ಫಾಕ್ಸ್ ಬ್ರೌಸರಿನ ಪರೀಕ್ಷಾ ರೂಪವಾದ ನೈಟ್ಲಿಯದು ತದ್ವಿರುದ್ಧ ಸ್ವಭಾವ. ಐಕಾನಿನ ಬಣ್ಣ ಬೇರೆ, ಅಷ್ಟೇ. ಇದು ಪರೀಕ್ಷೆಯದೆಂದು ಸಾರುವ, ಆವೃತ್ತಿ ಸಂಖ್ಯೆಯ ಬಾಲದಲ್ಲಿರುವ 'ಎ1' ನೋಡಬೇಕೆಂದರೆ 'ಅಬೌಟ್' ಕಿಟಕಿ ತೆರೆಯಬೇಕು. ಗಿರಾಕಿಗೆ ಅನುಮಾನ ಬರುವುದಿಲ್ಲ, ನನಗೂ ನೆನಪಿರುವುದಿಲ್ಲ. ದಿನಕ್ಕೆ ಎರಡು ಸಲದವರೆಗೂ ಹೊಸ ಬಿಲ್ಡ್ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವನಿಗೆ ಅದು ದುಬಾರಿ.

ಲಿಬ್ರೆಆಫೀಸ್‌ಡೆವ್‌ನಲ್ಲಿ ಗುರುತು ಹೆಸರಿನಲ್ಲೇ ಇದೆ. ಶೀರ್ಷಿಕೆ ಪಟ್ಟಿಯಲ್ಲಿ 'ಡೆವ್' ನನ್ನ ಕಣ್ಣಿಗೆ ಬೀಳುತ್ತದೆ, ಗಿರಾಕಿಯ ಕಣ್ಣು ಪುಟದ ಮೇಲಿರುತ್ತದೆ. ಬಿಡುಗಡೆಯಾದ ಲಿಬ್ರೆಆಫೀಸ್ ಪಕ್ಕದಲ್ಲೇ ಬೇರೆಯಾಗಿ ಕೂರುತ್ತದೆ, ಬೇಡವಾದಾಗ ಇದನ್ನಷ್ಟೇ ಕಿತ್ತರಾಯಿತು. ಸಂಖ್ಯೆಯೂ ಅರ್ಥವಾಗುವಂಥದ್ದು: 2024ರಿಂದ ವರ್ಷ ಮತ್ತು ತಿಂಗಳನ್ನೇ ಸಂಖ್ಯೆಯಾಗಿ ಇಡುತ್ತಿದ್ದಾರೆ. 24.2 ಎಂದರೆ 2024ರ ಫೆಬ್ರವರಿ, 24.8 ಎಂದರೆ ಅದೇ ವರ್ಷದ ಆಗಸ್ಟ್. ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಕೈಯಲ್ಲಿರುವಾಗಲೇ ಪೂರ್ಣ ಆವೃತ್ತಿ ಯಾವ ತಿಂಗಳಿನದೆಂದು ಗೊತ್ತಾಗುತ್ತದೆ. ಖರ್ಚಂತೂ ಸೊನ್ನೆ.

ಗಿರಾಕಿಗಳ ಕೆಲಸ ಬಿಡುಗಡೆಯಾದದ್ದರಲ್ಲೇ ನಡೆಯುತ್ತದೆ. ಡೆವ್ ತೆರೆಯುವುದು ರಾತ್ರಿ ಶಟರ್ ಎಳೆದ ಮೇಲೆ. ಅದೇ ಯಜಮಾನರು ಮೊನ್ನೆ ಬಂದಿದ್ದರು. ಮೊದಲು ಮೂಲೆ ನೋಡಿ, "ಕೊನೆಗೂ ಒರಿಜಿನಲ್ ಹಾಕಿಸಿದಿರಿ" ಎಂದರು. ಹೌದು ಎಂದೆ, ಪೂರ್ತಿ ಮುಂಗಡ ಎಣಿಸಿಕೊಂಡೆ.