‘12 ಕೋಳಿಗೆ ಸಾಕು’ ಅಂತ ಮಾರುವ ಗೂಡು: ವಿಶ್ವಾಸಿ ಕುಟುಂಬಗಳಿಗೆ ಒಂದು ಎಚ್ಚರಿಕೆ

ಮೊಟ್ಟೆ ಕೋಳಿಗೆ ಅಂತ ರೆಡಿಮೇಡ್ ಗೂಡು ಕೊಳ್ಳಲು ಹೊರಟಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ಮಾರುವವರು ನಿಮ್ಮದೇ ಸಭೆಯವರಾಗಿದ್ದರೆ ಇನ್ನೂ ಗಮನವಿಟ್ಟು ಓದಿ. ನಮ್ಮ ಮನೆಗೆ ಬಂದ ಗೂಡನ್ನು ‘12 ಕೋಳಿಗೆ’ ಅಂತ ಹೇಳಿ ಮಾರಿದ್ದರು. ಅದರಲ್ಲಿ ನಿಜವಾಗಿ ಇರಬಹುದಾಗಿದ್ದು 3 ಕೋಳಿ. ಈ ಸುಳ್ಳಿನ ಕಷ್ಟವನ್ನೆಲ್ಲ ಅನುಭವಿಸಿದ್ದು ಆ ಮೂಕ ಜೀವಗಳು.

ಮಾರಿದವರು ನಮ್ಮ ಸಭೆಗೆ ಬರುವವರೇ. ಭಾನುವಾರದ ಆರಾಧನೆ ಮುಗಿದು ಎಲ್ಲರೂ ಹೊರಗೆ ನಿಂತು ಮಾತಾಡುವಾಗ ಗೂಡಿನ ಫೋಟೋ ತೋರಿಸುತ್ತಿದ್ದರು. ವಿಶ್ವಾಸಿ ಕುಟುಂಬಗಳಿಗಾಗಿಯೇ ಮಾಡಿಸಿದ್ದು ಅನ್ನುತ್ತಿದ್ದರು. ಎಷ್ಟು ಕೋಳಿ ಹಿಡಿಯುತ್ತೆ, ಮರ ಹೊಸದಾ, ಬಲೆ ಗಟ್ಟಿ ಇದೆಯಾ ಅಂತ ನನ್ನ ಹೆಂಡತಿ ಒಂದೊಂದಾಗಿ ಕೇಳಿದಳು. ‘12 ಕೋಳಿ ಆರಾಮಾಗಿ ಇರುತ್ತವೆ ಸಿಸ್ಟರ್, ಮರ ಎಲ್ಲ ಹೊಸದು, ನಾಯಿ ನರಿ ಏನೂ ಮಾಡಕ್ಕಾಗಲ್ಲ’ ಅಂದರು. ಗೂಡು ತಂದು ಇಳಿಸಿದ ದಿನ ಅಂಗಳದಲ್ಲೇ ನಿಂತು ಪ್ರಾರ್ಥನೆಯನ್ನೂ ಮಾಡಿದರು. ಬಾಗಿಲ ಮೇಲೆ ವಚನ ಬರೆದ ಸಣ್ಣ ಹಲಗೆಯೂ ಇತ್ತು.

ಈಗ ಲೆಕ್ಕಕ್ಕೆ ಬರೋಣ. ಗೂಡಿನ ಒಳಗಿನ ನೆಲ 4 ಅಡಿ ಉದ್ದ, 3 ಅಡಿ ಅಗಲ. ಅಂದರೆ 12 ಚದರ ಅಡಿ. ಮನೆಮಟ್ಟದಲ್ಲಿ ಸಾಕುವವರು ಗೂಡಿನ ಒಳಗೆ ಒಂದು ಕೋಳಿಗೆ ಸುಮಾರು 4 ಚದರ ಅಡಿ, ಹೊರಗಿನ ಬಲೆಯ ಅಂಗಳದಲ್ಲಿ 8ರಿಂದ 10 ಚದರ ಅಡಿ ಇಟ್ಟುಕೊಳ್ಳುತ್ತಾರೆ. ರಾತ್ರಿ ಕೂರುವ ಕೋಲಿನ ಮೇಲೆ ಒಂದು ಕೋಳಿಗೆ 8ರಿಂದ 10 ಇಂಚು ಜಾಗ ಬೇಕು. ನಮ್ಮ ಗೂಡಿನಲ್ಲಿದ್ದದ್ದು 3 ಅಡಿಯ ಒಂದೇ ಕೋಲು. ಎಷ್ಟೇ ಒತ್ತಿ ಕೂತರೂ 4 ಕೋಳಿ. ಉಳಿದವು ಎಲ್ಲಿ ಕೂರಬೇಕು?

ಕೇಳಿದಾಗ ಗೂಡು ಮಾರಿದವರು ಹೇಳಿದ್ದು, ದೊಡ್ಡ ಫಾರಂಗಳಲ್ಲಿ ಚದರ ಮೀಟರಿಗೆ 9 ಕೋಳಿ ಬಿಡುತ್ತಾರೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಂತ. 9ರ ಲೆಕ್ಕ ಇರುವುದು ನಿಜ. ಪಂಜರವಿಲ್ಲದ ಶೆಡ್‌ಗಳಿಗೆ ಯುರೋಪಿಯನ್ ಒಕ್ಕೂಟ 1999ರಲ್ಲಿ ಮಾಡಿದ ನಿಯಮ ಅದು. ಆದರೆ ಅದೇ ನಿಯಮ, ಮೊಟ್ಟೆ ಇಡುವ ಪೆಟ್ಟಿಗೆಯ ಜಾಗವನ್ನು ಕೋಳಿ ಓಡಾಡುವ ಜಾಗದ ಲೆಕ್ಕಕ್ಕೆ ಸೇರಿಸಬಾರದು ಅನ್ನುತ್ತದೆ. ಒಂದು ಕೋಳಿಗೆ ಕನಿಷ್ಠ 15 ಸೆಂಟಿಮೀಟರ್ ಕೋಲು ಇರಲೇಬೇಕು ಅಂತಲೂ ಹೇಳುತ್ತದೆ. ಇವರು ಪೆಟ್ಟಿಗೆಯನ್ನೂ ಸೇರಿಸಿದ್ದರು, ಹತ್ತುವ ಇಳಿಜಾರು ಹಲಗೆಯನ್ನೂ ಸೇರಿಸಿದ್ದರು. ಅಷ್ಟಕ್ಕೂ ಆ ಶೆಡ್‌ನಲ್ಲಿ ದುರ್ಬಲ ಕೋಳಿಗೆ ತಪ್ಪಿಸಿಕೊಂಡು ಓಡಲು ಉದ್ದದ ನೆಲ ಇರುತ್ತದೆ. ನಾಲ್ಕಡಿ ಪೆಟ್ಟಿಗೆಯಲ್ಲಿ ಪೆಟ್ಟು ತಿಂದ ಕೋಳಿ ಎಲ್ಲಿಗೆ ಓಡುತ್ತದೆ?

ಮೊದಲು ಕಂಡಿದ್ದು ಗಾಳಿಯ ತೊಂದರೆ. ಒಂದು ಮೊಟ್ಟೆ ಕೋಳಿ ದಿನಕ್ಕೆ ಕಾಲು ಲೀಟರ್ ಹತ್ತಿರ ನೀರು ಕುಡಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಿಕ್ಕೆಯಲ್ಲಿ, ಉಸಿರಿನಲ್ಲಿ ಹೊರಗೆ ಬರುತ್ತದೆ. ಗೂಡಿಗೆ ಚಂದದ ಗಾಜಿನ ಕಿಟಕಿ ಇತ್ತು, ತೆರೆಯಲು ಬರುತ್ತಿರಲಿಲ್ಲ. ಗಾಳಿಗೆ ಅಂತ ಬಿಟ್ಟ ಎರಡು ತೂತುಗಳು ಕೋಲಿಗಿಂತ ಕೆಳಗೆ, ಕೋಳಿಯ ಮೈಗೇ ಗಾಳಿ ಹೊಡೆಯುವ ಹಾಗೆ ಇದ್ದವು. ತೇವದ ಗಾಳಿ ಮೇಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಅದು ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ. ಹತ್ತು ಲಕ್ಷಕ್ಕೆ 25 ಭಾಗ ದಾಟಿದರೆ ಕೋಳಿಯ ಕಣ್ಣು, ಶ್ವಾಸನಾಳ ಎರಡಕ್ಕೂ ಕೆಡುಕು. ನಮ್ಮ ಮೂಗು ಆ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಹಾಗಾಗಿ ನಿಂತು ಮೂಸಿ ನೋಡಿದರೆ ಗೊತ್ತಾಗುವುದಿಲ್ಲ. ಕೋಳಿ ಮಲಗುವ ಎತ್ತರಕ್ಕೆ ತಲೆ ಬಗ್ಗಿಸಿ, ಬೆಳಿಗ್ಗೆ ಬಾಗಿಲು ತೆಗೆದ ಕ್ಷಣಕ್ಕೇ ನೋಡಬೇಕು.

ಆಮೇಲೆ ಕುಕ್ಕಾಟ ಶುರುವಾಯಿತು. ಬಾಲದ ಬುಡದಲ್ಲಿ ಪುಕ್ಕ ಹೋಯಿತು, ಬರೀ ಚರ್ಮ ಕಾಣತೊಡಗಿತು. ಒಂದು ಹನಿ ರಕ್ತ ಕಂಡರೆ ಸಾಕು, ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆ. ಕೂರಲು ಜಾಗ ಸಿಗದ ಕೋಳಿಗಳು ಮೊಟ್ಟೆ ಪೆಟ್ಟಿಗೆಯೊಳಗೆ ಮಲಗತೊಡಗಿದವು. ಮಲಗಿದಲ್ಲೇ ಹಿಕ್ಕೆ. ಬೆಳಿಗ್ಗೆ ಅಲ್ಲೇ ಮೊಟ್ಟೆ. ಮೊದಲ ಮೊಟ್ಟೆಗಳನ್ನು ಸಭೆಯ ಒಬ್ಬ ಅಜ್ಜಿಗೆ ಕೊಡಬೇಕು ಅಂತ ಮಕ್ಕಳು ಆಸೆಪಟ್ಟಿದ್ದರು. ಹಿಕ್ಕೆ ಮೆತ್ತಿದ ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಿನ ಭಯ ಇರುತ್ತದೆ, ವಯಸ್ಸಾದವರಿಗೆ ಕೊಡುವುದು ಬೇಡ ಅಂತ ನಾವೇ ತಡೆಯಬೇಕಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಕೆಂಪು ಮೈಟ್ ಅನ್ನುವ ರಕ್ತ ಹೀರುವ ಹುಳದ ವಿಷಯದಲ್ಲಿ. ಕೋಳಿಗಳ ಜುಟ್ಟು ಬಿಳಿಚಿಕೊಂಡಿತ್ತು. ಸಂಜೆಯಾದರೂ ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಇನ್ನೂ ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದರು. ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ಬಿಳಿ ಕಾಗದದಿಂದ ಕೋಲಿನ ಅಡಿಭಾಗ ಒರೆಸಿದೆ. ಕಾಗದದ ಮೇಲೆ ಕೆಂಪು ಗೀರು ಬಿತ್ತು. ಅದು ಕೋಳಿಯ ರಕ್ತ. ಈ ಹುಳ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಸೆಖೆ ಇದ್ದರೆ ಮೊಟ್ಟೆಯಿಂದ ಬೆಳೆದ ಹುಳ ಆಗಲು ಒಂದು ವಾರ ಸಾಕು.

ಕೋಲನ್ನು ಬಿಚ್ಚಿದಾಗ ಅಸಲು ವಿಷಯ ಗೊತ್ತಾಯಿತು. ಅದು ಕೂತಿದ್ದ ಕಚ್ಚಿನಲ್ಲಿ, ಹೊಸ ಬಣ್ಣದ ಪದರದ ಕೆಳಗೆ, ಒಣಗಿ ಗಟ್ಟಿಯಾದ ಹಳೆಯ ಹಿಕ್ಕೆ ಇತ್ತು. ಉಗುರಿನಿಂದ ಕೆರೆದರೆ ಬಣ್ಣದ ಜೊತೆ ಕಿತ್ತು ಬಂತು. ಬೇರೆ ಕೋಳಿಗಳು ವಾಸ ಮಾಡಿದ್ದ ಗೂಡಿಗೆ ಬಣ್ಣ ಬಳಿದು ಹೊಸದು ಅಂತ ಕೊಟ್ಟಿದ್ದರು.

ಭಾನುವಾರ ನಮ್ಮ ಮನೆಯಲ್ಲಿ ಹೊಲದ ಕೆಲಸ ಇರುವುದಿಲ್ಲ. ಕೋಳಿಗೆ ನೀರು, ಆಹಾರ ಇಡುವುದು, ಮೊಟ್ಟೆ ಎತ್ತುವುದು, ಅಷ್ಟೇ. ಸಬ್ಬತ್ ದಿನ ಕುರಿ ಗುಂಡಿಗೆ ಬಿದ್ದರೆ ಎತ್ತುವುದಿಲ್ಲವೇ ಅಂತ ಯೇಸುವೇ ಕೇಳಿದ್ದು ಮತ್ತಾಯ 12ರಲ್ಲಿದೆ. ಹಾಗಾಗಿ ಜೀವ ಇರುವುದನ್ನು ನೋಡಿಕೊಳ್ಳುವ ಕೆಲಸ ನಮಗೆ ಆರಾಧನೆಗೆ ಅಡ್ಡಿ ಅನ್ನಿಸಿದ್ದೇ ಇಲ್ಲ. ಆದರೆ ಈ ಗೂಡು ಬಂದ ಮೇಲೆ ಭಾನುವಾರ ಬೆಳಿಗ್ಗೆಯೂ ಒದ್ದೆ ಹೊಟ್ಟು ಎತ್ತಿ ಹಾಕುವುದು, ಗಾಯಕ್ಕೆ ಮದ್ದು ಹಚ್ಚುವುದೇ ಆಯಿತು. ಸ್ತೋತ್ರ ಹಾಡುವ ಹೊತ್ತಿಗೂ ಮನಸ್ಸು ಗೂಡಿನ ಹತ್ತಿರವೇ ಇರುತ್ತಿತ್ತು. ಕೆಟ್ಟ ಗೂಡು ಮನೆಯ ವಿಶ್ರಾಂತಿ ದಿನವನ್ನೂ ತಿಂದುಹಾಕುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.

ಅಂಥದ್ದೇ ಒಂದು ಭಾನುವಾರ ನಾವೆಲ್ಲ ಸಭೆಯಲ್ಲಿದ್ದಾಗ ನಾಯಿ ನುಗ್ಗಿತು. ಹಾಕಿದ್ದದ್ದು ಆರು ಮೂಲೆ ಕಣ್ಣಿನ ತೆಳು ಬಲೆ. ಆ ಬಲೆ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನಾಯಿ ಒಳಗೆ ಬರದ ಹಾಗೆ ತಡೆಯುವುದಿಲ್ಲ. ಸ್ಟೇಪ್ಲರ್ ಪಿನ್ನುಗಳಿಂದ ಹೊಡೆದಿದ್ದರು, ಸಾಲಾಗಿ ಕಿತ್ತು ಬಂದಿದ್ದವು. ಸತ್ತ ಕೋಳಿಗಳನ್ನು ಮೊದಲು ನೋಡಿದ್ದು ನನ್ನ ಚಿಕ್ಕ ಮಗಳು. ಆ ರಾತ್ರಿ ಪ್ರಾರ್ಥನೆಯಲ್ಲಿ ಅವಳು ಉಳಿದ ಕೋಳಿಗಳ ಹೆಸರು ಹಿಡಿದು ಬೇಡಿದಳು. ಅವಳ ಪಕ್ಕ ಕೂತು ಆಮೆನ್ ಅನ್ನುವುದು ನಮಗೆ ಕಷ್ಟವಾಯಿತು.

ಮತ್ತಾಯ 18ರಲ್ಲಿ ಹೇಳಿದ ಹಾಗೆ ಮೊದಲು ಗೂಡು ಮಾರಿದವರ ಹತ್ತಿರ ಮಾತ್ರ ಹೋಗಿ ಮಾತಾಡಿದೆವು. ‘ಸಹೋದರರ ನಡುವೆ ಲೆಕ್ಕ ಯಾಕೆ? ಕ್ಷಮಿಸಿಬಿಡಿ’ ಅಂದರು. ಆಮೇಲೆ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದೆವು. ಅದೇ ಮಾತು. ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾವು ಅವರನ್ನು ಕ್ಷಮಿಸಿದ್ದೇವೆ. ಅದು ನಮ್ಮ ಮತ್ತು ದೇವರ ನಡುವಿನ ಮಾತು. ಹಣ ವಾಪಸ್ ಕೊಡುವುದು ಬೇರೆ. ಜಕ್ಕಾಯನು ಮೋಸ ಮಾಡಿ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದವನು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲ ಸಾಲೇ ಹೇಳುತ್ತದೆ. ಗೂಡಿನ ಅಳತೆಯೂ ತಕ್ಕಡಿಯೇ ಅಲ್ವಾ? ಹಣ ಬರಲಿಲ್ಲ. ಆದರೆ ಆರಾಧನೆಯಾದ ಮೇಲೆ ಸಭೆಯ ಅಂಗಳದಲ್ಲಿ ಮಾರಾಟದ ಮಾತು ಬೇಡ ಅಂತ ಪಾಸ್ಟರ್ ಹೇಳಿದ್ದಾರೆ. ಅದು ಒಳ್ಳೆಯದಾಯಿತು.

ನೀವು ಗೂಡು ನೋಡಲು ಹೋಗುವಾಗ ಟೇಪು ಜೊತೆಗಿರಲಿ. ನೆಲವನ್ನು ಮಾತ್ರ ಅಳೆಯಿರಿ, ಪೆಟ್ಟಿಗೆ, ಹಲಗೆ ಸೇರಿಸಬೇಡಿ. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಯಾಕಂದರೆ ಕೋಳಿ ಇದ್ದುದರಲ್ಲಿ ಎತ್ತರದ ಜಾಗ ಹುಡುಕಿಯೇ ಮಲಗುತ್ತದೆ. ಸುಮಾರು ಒಂದಡಿ ಉದ್ದಗಲದ ಒಂದು ಪೆಟ್ಟಿಗೆ 4ರಿಂದ 5 ಕೋಳಿಗೆ ಸಾಕು. ಗಾಳಿ ಕಿಂಡಿಗಳು ಕೂತ ಕೋಳಿಯ ತಲೆಗಿಂತ ಮೇಲಿರಲಿ. ಬಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಆಗಿರಲಿ, ಸ್ಕ್ರೂ ಮತ್ತು ವಾಷರ್ ಹಾಕಿ ಬಿಗಿಸಿರಲಿ. ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂತರೆ ತೋಡಿ ಬರುವ ಪ್ರಾಣಿಗೂ ತಡೆ. ಕೋಲನ್ನು ಎತ್ತಿ, ಅದು ಕೂರುವ ಕಚ್ಚಿನೊಳಗೆ ಬೆರಳು ಹಾಕಿ ನೋಡಿ. ಎತ್ತಲು ಬಿಡದಿದ್ದರೆ ಸುಮ್ನೆ ಎದ್ದು ಬನ್ನಿ. ಹೇಳಿದ ಅಳತೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನಿಜ ಹೇಳುವ ಸಹೋದರನಿಗೆ ಬರೆದು ಕೊಡಲು ಯಾವ ಬೇಸರವೂ ಇರುವುದಿಲ್ಲ.

ಈಗಾಗಲೇ ಇಂಥ ಗೂಡು ಬಂದುಬಿಟ್ಟಿದ್ದರೆ, ಕೋಳಿಗಳನ್ನು ಜಾಗ ಇರುವ ಬೇರೆ ಕಡೆಗೆ ಇವತ್ತೇ ಬದಲಾಯಿಸಿ. ಹಳೆ ಶೆಡ್ಡಾದರೂ ಪರವಾಗಿಲ್ಲ. ಗಾಯವಾದ ಕೋಳಿಯನ್ನು ಬೇರೆ ಇಡಿ. ಮೈಟ್ ಬಿದ್ದ ಗೂಡನ್ನು ಯಾರಿಗೂ ಮಾರಬೇಡಿ, ದಾನ ಅಂತಲೂ ಕೊಡಬೇಡಿ. ಕೋಳಿ ಇಲ್ಲದ ಗೂಡಿನಲ್ಲೂ ಆ ಹುಳ ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ.