108 ಆಂಬುಲೆನ್ಸ್: ತೋಟದೊಳಗೆ ಬಂದ ಆ ಇಬ್ಬರು

ಹೋದ ತಿಂಗಳು ನಮ್ಮ ಚಿಕ್ಕಪ್ಪ ತೆಂಗಿನ ಮರದಿಂದ ಬಿದ್ದರು. ಅರಸೀಕೆರೆ ಕಡೆ ನಮ್ಮ ತೋಟ. ನಲವತ್ತು ವರ್ಷದಿಂದ ಮರ ಹತ್ತುತ್ತಿರುವವರು, ಆವತ್ತು ಹಿಡಿದ ಗರಿ ಕೈಗೇ ಬಂತು. ಕೆಳಗೆ ಸೋಗೆ ರಾಶಿ ಇತ್ತು, ಅವರ ಪುಣ್ಯ. ಪ್ರಜ್ಞೆ ತಪ್ಪಿರಲಿಲ್ಲ, ಆದರೆ ಸೊಂಟ ಹಿಡಿದುಕೊಂಡು ಕೂಗುತ್ತಿದ್ದರು.

108ಕ್ಕೆ ಫೋನ್ ಮಾಡಿದೆ. ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುರುತು ಕೇಳಿದರು. ಆಮೇಲೆ ಕೇಳಿದ್ದು, ಮಾತಾಡ್ತಿದ್ದಾರಾ, ಉಸಿರಾಟ ಸರಿಯಾಗಿದೆಯಾ ಅಂತ. ಅಷ್ಟರಲ್ಲಿ ಇಲ್ಲಿ ನಾಲ್ಕು ಜನ ಚಿಕ್ಕಪ್ಪನ ಕೈಕಾಲು ಹಿಡಿದು, "ಎತ್ರೋ, ಕಾರಿಗೆ ಹಾಕ್ರೋ" ಅಂತ ಶುರು ಮಾಡಿದ್ದರು. ಫೋನಿನಲ್ಲಿದ್ದವರಿಗೆ ಅದು ಕೇಳಿಸಿರಬೇಕು. "ಅವರನ್ನು ಎತ್ತಬೇಡಿ ಸರ್, ಕೂರಿಸಬೇಡಿ, ಕುಡಿಯೋಕೆ ಏನೂ ಕೊಡಬೇಡಿ" ಅಂದರು. ಸ್ಪೀಕರ್ ಹಾಕಿದೆ. ಎಲ್ಲರೂ ಕೈ ಬಿಟ್ಟರು. ಬೆನ್ನುಮೂಳೆ ಮುರಿದವರನ್ನು ಹಾಗೆ ಎತ್ತಿದರೆ ಒಳಗಿನ ನರಕ್ಕೆ ಪೆಟ್ಟಾಗಿ ಕಾಲು ಶಾಶ್ವತವಾಗಿ ಹೋಗಬಹುದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಗಾಡಿ ಬರೋಕೆ ಅರ್ಧ ಗಂಟೆ ಆಯಿತು. ಅವರು ಒಂದು ಹೆರಿಗೆ ಕೇಸನ್ನು ಆಸ್ಪತ್ರೆಗೆ ಸೇರಿಸಿ ನೇರ ನಮ್ಮ ಕಡೆ ಹೊರಟಿದ್ದರು. ಗಾಡಿ ತೋಟದೊಳಗೆ ಬರೋದಿಲ್ಲ, ಹಾಗಾಗಿ ಡ್ರಿಪ್ ಪೈಪು, ಬದು ಎಲ್ಲ ದಾಟಿಕೊಂಡು ಸ್ಟ್ರೆಚರ್ ಹೊತ್ತು ನಡೆದೇ ಬಂದರು. ಬಂದವರು ಇಬ್ಬರೇ. ಒಬ್ಬರು ಇಎಂಟಿ, ಅಂದರೆ ಆಸ್ಪತ್ರೆ ಸೇರೋವರೆಗೂ ರೋಗಿಯನ್ನು ನೋಡಿಕೊಳ್ಳುವವರು, ನಮ್ಮ ತಂಗಿ ವಯಸ್ಸಿನ ಹುಡುಗಿ. ಇನ್ನೊಬ್ಬರು ಗಾಡಿ ಓಡಿಸುವವರು, 108ರಲ್ಲಿ ಅವರನ್ನು ಪೈಲಟ್ ಅಂತಾರೆ.

ಆಕೆ ಮೊದಲು ಮಾಡಿದ ಕೆಲಸ ಅಂದರೆ ಚಿಕ್ಕಪ್ಪನ ತಲೆಯನ್ನು ಎರಡೂ ಕೈಯಲ್ಲಿ ಅಲ್ಲಾಡದ ಹಾಗೆ ಹಿಡಿದಿದ್ದು. "ಕತ್ತು ತಿರುಗಿಸಬೇಡಿ ಅಪ್ಪಾಜಿ, ಬಾಯಲ್ಲೇ ಉತ್ತರ ಹೇಳಿ ಸಾಕು." ಪೈಲಟ್ ಕತ್ತಿಗೆ ಕಾಲರ್ ಹಾಕಿದರು. ಕಾಲಿನ ಬೆರಳು ಚಿವುಟಿ ಗೊತ್ತಾಗುತ್ತಾ ಅಂತ ಕೇಳಿದರು. ಆಮೇಲೆ ಒಂದು ಸ್ಟ್ರೆಚರ್ ತೆಗೆದರು, ಅದು ಉದ್ದಕ್ಕೆ ಎರಡು ಭಾಗ ಆಗುತ್ತದೆ, ಒಂದೊಂದು ಭಾಗವನ್ನು ಒಂದೊಂದು ಪಕ್ಕದಿಂದ ಮೈ ಕೆಳಗೆ ಮೆಲ್ಲಗೆ ಸರಿಸಿ ಮಧ್ಯದಲ್ಲಿ ಲಾಕ್ ಮಾಡಿದರೆ ಮನುಷ್ಯನನ್ನು ಮಗುಚದೆ, ಬಗ್ಗಿಸದೆ ಹಾಗೇ ಎತ್ತಬಹುದು. ನಾನು ನೋಡಿದ್ದು ಅದೇ ಮೊದಲು. ಎಲ್ಲಿ ಹಿಡಿಯಬೇಕು, ಯಾವಾಗ ಎತ್ತಬೇಕು ಅಂತ ನಮಗೂ ಹೇಳಿಕೊಟ್ಟರು. ದಾರಿಯಲ್ಲಿ ಪ್ರತಿ ಹಂಪ್ ಬರುವ ಮೊದಲು ಪೈಲಟ್ "ಹಂಪ್ ಇದೆ ಮೇಡಂ" ಅಂತ ಕೂಗಿ ಗಾಡಿ ನಿಧಾನ ಮಾಡುತ್ತಿದ್ದರು, ಆಕೆ ಚಿಕ್ಕಪ್ಪನ ಹೆಗಲು ಒತ್ತಿ ಹಿಡಿಯುತ್ತಿದ್ದರು. ಈ ಸೇವೆಗೆ ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ, ಹೆಚ್ಚಿಗೆ ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ.

2008ರ ನವೆಂಬರ್ 1ರಂದು ಆರೋಗ್ಯ ಕವಚ ಅಂತ ನಮ್ಮ ರಾಜ್ಯದಲ್ಲಿ ಇದು ಶುರುವಾಯಿತು. ಒಂದು ರೂಪಾಯಿ ಖರ್ಚಿಲ್ಲ. ಆದರೆ ಉಚಿತ ಅಂದ ತಕ್ಷಣ ಅದರಲ್ಲಿ ಕೆಲಸ ಮಾಡುವವರನ್ನು ನಾವು ಹಗುರವಾಗಿ ನೋಡುತ್ತೇವೆ, ಇದು ನನಗೆ ತುಂಬಾ ಬೇಜಾರು. ನಮ್ಮ ನೆಂಟರೊಬ್ಬರು ಗಾಡಿ ಬಂದ ತಕ್ಷಣ "ಇಷ್ಟೊತ್ತಿಗಾ ಬರೋದು" ಅಂತ ಆ ಹುಡುಗಿಗೆ ಬೈದರು. ಆಕೆ ಏನೂ ಹೇಳದೆ ಕೆಲಸ ಶುರು ಮಾಡಿದರು. ಹಿಂದಿನ ಕೇಸ್ ಮುಗಿಸಿ ಊಟ ಕೂಡ ಮಾಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆಸ್ಪತ್ರೆ ಬಾಗಿಲಲ್ಲಿ ನಾವು ತಂದಿದ್ದ ಎಳನೀರು ಕೊಟ್ಟೆವು, ನಿಂತೇ ಕುಡಿದರು.

ಅಲ್ಲೂ ಒಂದು ತೊಂದರೆ. ಆ ಆಸ್ಪತ್ರೆಯಲ್ಲಿ ಬೆಡ್ ಖಾಲಿ ಇಲ್ಲ ಅಂತ ಚಿಕ್ಕಪ್ಪನನ್ನು ಆಂಬುಲೆನ್ಸ್ ಸ್ಟ್ರೆಚರ್ ಮೇಲೇ ನಲವತ್ತು ನಿಮಿಷ ಬಿಟ್ಟರು. ಸ್ಟ್ರೆಚರ್ ಸಿಗದೆ ಗಾಡಿ ಹೊರಡೋ ಹಾಗಿಲ್ಲ, ಅಷ್ಟು ಹೊತ್ತು ಇನ್ನೊಂದು ಊರಿಗೆ ಆ ಗಾಡಿ ಇಲ್ಲ ಅಂತಲೇ ಅರ್ಥ ಅಲ್ವಾ? ನೀವು ರೋಗಿಯ ಕಡೆಯವರಾಗಿದ್ದರೆ ಬೆಡ್‌ಗೆ ಬೇಗ ಬದಲಾಯಿಸಿ ಅಂತ ನೀವೂ ಕೇಳಿ.

ಹಳ್ಳಿಯವರು ಫೋನ್ ಮಾಡಿದ ತಕ್ಷಣ ಒಬ್ಬರನ್ನು ಮೇನ್ ರೋಡಿಗೆ ಕಳಿಸಿ. ನಮ್ಮ ಹುಡುಗ ಬೈಕಿನಲ್ಲಿ ಅರಳಿಕಟ್ಟೆ ಹತ್ತಿರ ನಿಂತಿದ್ದಕ್ಕೇ ಅವರು ದಾರಿ ತಪ್ಪಲಿಲ್ಲ. ರಾತ್ರಿಯಾದರೆ ಟಾರ್ಚ್ ಇರಲಿ. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಹಾಕುವ ಕಾನೂನು 2019ರಲ್ಲೇ ಬಂದಿದೆ, ಆದರೂ ನಮ್ಮ ಗಾಡಿಯ ಮುಂದೆ ಒಂದು ಕಾರು ಎರಡು ಕಿಲೋಮೀಟರ್ ಪಕ್ಕಕ್ಕೆ ಹೋಗಲಿಲ್ಲ. ಬಾಕಿ ಸಂಬಳಕ್ಕಾಗಿ 108ರವರು ಮುಷ್ಕರ ಮಾಡುತ್ತೇವೆ ಅಂದ ಸುದ್ದಿ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಮತ್ತೆ ಬಂದರೆ ಸುಮ್ನೆ ಓದಿ ಬಿಡಬೇಡಿ, ನಿಮ್ಮ ಶಾಸಕರನ್ನು ಕೇಳಿ.

ಚಿಕ್ಕಪ್ಪನ ಮೂಳೆಯಲ್ಲಿ ಬಿರುಕಿತ್ತು, ನರಕ್ಕೆ ಏನೂ ಆಗಿಲ್ಲ. ಈಗ ಬೆಲ್ಟ್ ಹಾಕಿಕೊಂಡು ಜಗಲಿವರೆಗೆ ನಡೆಯುತ್ತಾರೆ. ಆ ಇಬ್ಬರಿಗೆ ಈ ವಿಷಯ ಹೇಳಬೇಕು ಅಂತ ದಿನಾ ಕೇಳುತ್ತಾರೆ. 108ರಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಲುಪಿಸಿ.