ಪೊಂಚೊ, ಜೆರಿ, ಬಾಬಿ: ಯಾರ ನಮನ ಹೆಚ್ಚು ಹಿಡಿಸಿತು?

ಹಿಂದಿನ ಜಾಜ್ ಬ್ಯಾಂಡ್ ನಾಯಕರಿಗೆ ನಮನ ಅಂತ ಲ್ಯಾಟಿನ್ ಜಾಜ್‌ನ (ಕ್ಯೂಬಾ ಕಡೆಯ ತಾಳಗಳು ಬೆರೆತ ಜಾಜ್) ತಾಳವಾದ್ಯದವರು ಮಾಡಿದ ಆಲ್ಬಮ್‌ಗಳು ಸಾಕಷ್ಟಿವೆ. ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ ಇದು. ಮೊದಲು ಮೂಲ ಮುದ್ರಿಕೆ, ಅದರ ಬೆನ್ನಿಗೇ ನಮನದ ಆಲ್ಬಮ್, ಹೀಗೆ ಕೇಳುತ್ತಾ ಬಂದೆ. ಹಾಗೆ ಕೇಳಿದರೇನೇ ಯಾರು ಏನು ಉಳಿಸಿಕೊಂಡರು, ಏನು ಬಿಟ್ಟರು ಅಂತ ಗೊತ್ತಾಗೋದು.

ಮೊದಲನೆಯದು ಪೊಂಚೊ ಸಾಂಚೆಜ್ ಅವರ ‘ಸೋಲ್ ಸಾಸ್: ಮೆಮೊರೀಸ್ ಆಫ್ ಕ್ಯಾಲ್ ಜೇಡರ್’, 1995ರದ್ದು. ಜೇಡರ್ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ವಾದಕರು. ಪೊಂಚೊ 1975ರಲ್ಲಿ ಅವರ ಬ್ಯಾಂಡ್ ಸೇರಿದರು. 1982ರಲ್ಲಿ ಪ್ರವಾಸದಲ್ಲಿದ್ದಾಗ ಜೇಡರ್ ಮನಿಲಾದಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಪೊಂಚೊ ಅವರ ಪಕ್ಕದಲ್ಲೇ ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್) ನುಡಿಸಿದವರು. ಆ ಒಡನಾಟ ಇಲ್ಲಿ ಕೇಳಿಸುತ್ತದೆ.

‘ಸೋಲ್ ಸಾಸ್’ ಹಾಡಿನ ಮೂಲ ‘ಗುವಾರಾಚಿ ಗುವಾರೊ’. ಜಾಜ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮತ್ತು ಕ್ಯೂಬಾದ ಕಾಂಗಾ ವಾದಕ ಚಾನೊ ಪೋಜೊ ಸೇರಿ ಕಟ್ಟಿದ್ದು. ಡಿಜ್ಜಿಯವರ ದೊಡ್ಡ ಬ್ಯಾಂಡ್ ಅದನ್ನು 1948ರಲ್ಲಿ ರೆಕಾರ್ಡ್ ಮಾಡಿತು. 1964ರಲ್ಲಿ ಜೇಡರ್ ಅದನ್ನು ಸಣ್ಣ ಗುಂಪಿನ ಜೊತೆ ‘ಸೋಲ್ ಸಾಸ್’ ಅನ್ನೋ ಹೆಸರಲ್ಲಿ ನುಡಿಸಿದರು. ಗೀರು ಗೀರಾದ ಸೋರೆಬುರುಡೆಯ ವಾದ್ಯ ಗುಯಿರೊ ಕರಕರ ಅಂತ ಉಜ್ಜುತ್ತಾ ಹೋಗುತ್ತದೆ, ನಡುವೆ ತಾಳವಾದ್ಯದ ವಿಲ್ಲೀ ಬೋಬೊ ಕೂಗುತ್ತಾರೆ, ವೈಬ್ರಫೋನ್ ಅವಸರವಿಲ್ಲದೆ ಮೇಲೆ ತೇಲುತ್ತದೆ. ಪೊಂಚೊ ಆ ನಡಿಗೆಯನ್ನು ಕೆಡಿಸಿಲ್ಲ. ಊದುವಾದ್ಯಗಳಿಂದ ಸ್ವಲ್ಪ ಮೈ ತುಂಬಿಸಿದ್ದಾರೆ ಅಷ್ಟೇ. ನನಗೆ ತುಂಬಾ ಇಷ್ಟವಾದದ್ದು ಬೇರೆ: ಆಲ್ಬಮ್ ತಮ್ಮ ಹೆಸರಿನದ್ದಾದರೂ ಕಾಂಗಾವನ್ನು ಮುಂದಕ್ಕೆ ತಂದು ಮೆರೆಸಿಲ್ಲ. ಜೇಡರ್ ಇದ್ದ ಜಾಗದಲ್ಲಿ ವೈಬ್ರಫೋನನ್ನೇ ಕೂರಿಸಿ, ತಾವು ಹಳೆಯ ಜಾಗದಲ್ಲೇ ಉಳಿದಿದ್ದಾರೆ. ಕೊರತೆ ಅಂದರೆ, ಎರಡನ್ನೂ ಬೆನ್ನುಬೆನ್ನಿಗೆ ಕೇಳಿದಾಗ ಹೊಸದರಲ್ಲಿ ಅಚ್ಚರಿ ಕಡಿಮೆ.

ಪೊಂಚೊ ಇದೇ ಹಾಡಿಗೆ 2011ರಲ್ಲಿ ಮತ್ತೆ ಬಂದರು, ಟ್ರಂಪೆಟ್ ವಾದಕ ಟೆರೆನ್ಸ್ ಬ್ಲಾಂಚರ್ಡ್ ಜೊತೆ ಮಾಡಿದ ‘ಚಾನೊ ಇ ಡಿಜ್ಜಿ’ಯಲ್ಲಿ. ಅಲ್ಲಿ ಅದು ‘ಟಿನ್ ಟಿನ್ ಡಿಯೊ’, ‘ಮಂಟೆಕಾ’ ಜೊತೆ ಒಂದಾದ ಮೇಲೊಂದು ಹೆಣೆದ ಮೆಡ್ಲಿಯೊಳಗೆ ಸೇರಿಕೊಂಡಿದೆ. ರುಚಿ ಹತ್ತುವಷ್ಟರಲ್ಲಿ ಮುಗಿದೇ ಹೋಗುತ್ತದೆ. 1995ರದ್ದೇ ವಾಸಿ.

ಇನ್ನು ಜೆರಿ ಗೊನ್ಜಾಲೆಜ್. ಇವರು ಕಾಂಗಾ, ಟ್ರಂಪೆಟ್ ಎರಡರಲ್ಲೂ ಪಳಗಿದವರು. 1989ರಲ್ಲಿ ಬಂದ ‘ರುಂಬಾ ಪಾರಾ ಮಂಕ್’ನಲ್ಲಿ ತಮ್ಮ ಫೋರ್ಟ್ ಅಪಾಚೆ ಬ್ಯಾಂಡ್ ಜೊತೆ ಥಿಲೋನಿಯಸ್ ಮಂಕ್ ಅವರ ರಚನೆಗಳನ್ನು ಮಾತ್ರ ನುಡಿಸಿದ್ದಾರೆ. ಮಂಕ್ ಲ್ಯಾಟಿನ್ ಬ್ಯಾಂಡ್‌ನವರಲ್ಲ, ಪಿಯಾನೊ ನುಡಿಸುತ್ತಾ ತಮ್ಮದೇ ಜಾಜ್ ಗುಂಪು ನಡೆಸಿದವರು. ಹಾಗಾದರೆ ರುಂಬಾ, ಅಂದರೆ ಕ್ಯೂಬಾದ ಡ್ರಮ್ ಮತ್ತು ಕುಣಿತದ ಸಂಗೀತ, ಯಾಕೆ? ಉತ್ತರ ತಾಳದಲ್ಲಿದೆ. ಕ್ಯೂಬಾದ ಸಂಗೀತಕ್ಕೆ ಕ್ಲಾವೆ ಅಂತ ಐದು ಪೆಟ್ಟಿನ ಒಂದು ಲೆಕ್ಕವಿದೆ: ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಅದನ್ನು ಯಾರೂ ಬಾರಿಸದಿದ್ದರೂ ಎಲ್ಲರೂ ಒಳಗೇ ಹಿಡಿದಿರುತ್ತಾರೆ, ನಮ್ಮ ಕಛೇರಿಯಲ್ಲಿ ಮುಂದಿನ ಸಾಲಿನವರು ತೊಡೆಯ ಮೇಲೆ ತಾಳ ಹಿಡಿದಿರುವ ಹಾಗೆ. ಮಂಕ್ ಸ್ವರಗಳೂ ನೇರ ಎಣಿಕೆಯ ಮೇಲೆ ಬೀಳೋದು ಕಮ್ಮಿ. ಒಂದು ಚೂರು ತಡವಾಗಿಯೋ ಮೊದಲೋ ಬೀಳುತ್ತವೆ. ಆ ಸಂದಿಗಳಲ್ಲಿ ಕಾಂಗಾಕ್ಕೆ ಬೇಕಾದಷ್ಟು ಜಾಗ ಸಿಗುತ್ತದೆ.

‘ಲಿಟ್ಲ್ ರೂಟಿ ಟೂಟಿ’ ಕೇಳಿ. 1952ರ ಮೂಲದಲ್ಲಿ ಮಂಕ್ ರೈಲಿನ ಸೀಟಿಯ ಹಾಗೆ ಒಂದು ಕರ್ಕಶ ಸ್ವರಗುಚ್ಛವನ್ನು ಮತ್ತೆ ಮತ್ತೆ ಒತ್ತುತ್ತಾರೆ. ಆ ಒರಟುತನ ಜೆರಿಗೆ ಬೇಕಾಗಿಯೇ ಇತ್ತು, ಅದನ್ನು ನಯ ಮಾಡಲು ಹೋಗಿಲ್ಲ. ಹಾಡಿನ ನಡುವೆಯೇ ಜಾಜ್‌ನ ತೂಗುವ ನಡೆಯಾದ ಸ್ವಿಂಗ್‌ನಿಂದ ರುಂಬಾಗೆ ಜಾರಿ ಮತ್ತೆ ವಾಪಸ್ ಬರೋದು ಈ ಬ್ಯಾಂಡಿನ ವಿಶೇಷ. ಡ್ರಮ್ಸ್‌ನಲ್ಲಿ ಸ್ಟೀವ್ ಬೆರಿಯೊಸ್, ಬಾಸ್‌ನಲ್ಲಿ ಜೆರಿಯ ತಮ್ಮ ಆಂಡಿ. ಇವರಿಬ್ಬರೂ ದಾಟಿಸುವ ರೀತಿ ಎಷ್ಟು ಸಲೀಸು ಅಂದರೆ ಬದಲಾದದ್ದು ನಿಮಗೆ ತಿಳಿಯೋದೇ ಆಮೇಲೆ. ಇದನ್ನು ಹೆಡ್‌ಫೋನ್‌ನಲ್ಲೇ ಕೇಳಬೇಕು. ಸ್ಪೀಕರ್‌ನಲ್ಲಿ ಹಾಕಿದಾಗ ಬಾಸ್ ಮತ್ತು ಕಾಂಗಾ ಒಂದಕ್ಕೊಂದು ಅಂಟಿಕೊಂಡು ಅರ್ಧ ಸೊಗಸು ಹೋಯಿತು.

ಡ್ರಮ್ಸ್ ವಾದಕ ಬಾಬಿ ಸನಾಬ್ರಿಯಾ ಅವರ ‘ಕೆನ್ಯಾ ರಿವಿಸಿಟೆಡ್ ಲೈವ್’ (2009) ಇದಕ್ಕೆ ತದ್ವಿರುದ್ಧ, ವಾಲ್ಯೂಮ್ ಏರಿಸಿಯೇ ಕೇಳಬೇಕು. ಲ್ಯಾಟಿನ್ ಬ್ಯಾಂಡ್ ನಾಯಕ ಮಾಚಿಟೊ ಅವರ 1957ರ ‘ಕೆನ್ಯಾ’ ಆಲ್ಬಮನ್ನು ಮ್ಯಾನ್‌ಹಟನ್ ಸಂಗೀತ ಶಾಲೆಯ ವಿದ್ಯಾರ್ಥಿಗಳಿಂದ ವೇದಿಕೆಯ ಮೇಲೆ ನುಡಿಸಿದ್ದಾರೆ. ಮೂಲದಲ್ಲಿ ಕಾಂಗಾ ನುಡಿಸಿದ್ದ ಕ್ಯಾಂಡಿಡೊ, ಎಂಬತ್ತು ದಾಟಿದ ಮೇಲೆ, ಇಲ್ಲೂ ಬಂದು ಆ ಹುಡುಗರ ಜೊತೆ ಕೂತಿದ್ದಾರೆ. ಅಷ್ಟಕ್ಕಾದರೂ ಕೇಳಬೇಕು. ಆದರೆ ಮೂಲದಲ್ಲಿ ‘ಕಾಂಗೊ ಮುಲೆನ್ಸ್’ಗೆ ಕ್ಯಾನನ್‌ಬಾಲ್ ಆಡರ್ಲಿ ಸ್ಯಾಕ್ಸೊಫೋನ್ ಇದೆ. ಆ ಎತ್ತರಕ್ಕೆ ವಿದ್ಯಾರ್ಥಿಗಳು ಮುಟ್ಟಬೇಕು ಅನ್ನೋದು ಅನ್ಯಾಯವೇ, ಆದರೂ ಕಿವಿ ಹೋಲಿಸಿಯೇ ಹೋಲಿಸುತ್ತದೆ.

ಲ್ಯಾಟಿನ್ ಜಾಜ್ ಈವರೆಗೆ ಕೇಳದವರಿಗೆ ಪೊಂಚೊ ಅವರ 1995ರದ್ದನ್ನೇ ಕೊಡುತ್ತೇನೆ. ಯಾವ ತಯಾರಿಯೂ ಬೇಡ, ಸುಮ್ನೆ ಹಾಕಿದರೆ ಸಾಕು. ನನಗೆ ಒಂದೇ ಇಟ್ಟುಕೋ ಅಂದರೆ ಜೆರಿಯದ್ದು. ಮಂಕ್ ಮೊದಲೇ ಗೊತ್ತಿರುವವರು ಅದರಲ್ಲಿ ‘ಬೈ-ಯಾ’ದಿಂದ ಶುರು ಮಾಡಿ.